ಪಾಳಿ ಪುಟ ತೆರೆಯದ ದಿನ

ಆ ದಿನ ಬೆಳಿಗ್ಗೆ ಎದ್ದು ಎಂದಿನಂತೆ ಅಂಗಳಕ್ಕೆ ನೀರು ಚಿಮುಕಿಸಿ, ಹೊಸ್ತಿಲ ಮುಂದೆ ಸಣ್ಣದೊಂದು ರಂಗೋಲಿ ಎಳೆದು, ಹಾಲಿನ ಪಾಕೀಟನ್ನು ಕತ್ತರಿಯಿಂದ ಕತ್ತರಿಸಿ ಪಾತ್ರೆಗೆ ಸುರಿದೆ. ಹಲ್ಲಿನಿಂದ ಹರಿಯುವುದು ನನಗೆ ಈಗಲೂ ಆಗದು. ಹೊಸಪೇಟೆಯ ಕಾನ್ವೆಂಟಿನಲ್ಲಿ ಓದಿದ್ದರಿಂದ ಉಳಿದುಕೊಂಡ ಅಭ್ಯಾಸಗಳಲ್ಲಿ ಅದೊಂದು. ಹಾಲು ಕಾಯುವಷ್ಟರಲ್ಲಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದರೆ ತಳ ಕಾಣುತ್ತಿತ್ತು. ಹೊಸ ಚೀಲ ಬಿಚ್ಚಿದೆ. ಡಬ್ಬಿಯನ್ನು ಒಮ್ಮೆ ಪೂರ್ತಿ ಬೋರಲು ಹಾಕಿ, ಒರೆಸಿ, ಆಮೇಲೆ ತುಂಬೋಣವೆಂದು ಎತ್ತಿಕೊಂಡೆ. ಹಿತ್ತಲ ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತದೆಯೇ ಹೇಳಿದರು:

“ಬರಿದ ಮಾಡಬ್ಯಾಡ ಯವ್ವಾ. ಹಳೇವು ಒಂದ್ ಹಿಡಿ ತಳಕ್ಕ ಇರ್ಲಿ. ಅದರ ಮ್ಯಾಲ ಹೊಸಾವು ಹಾಕು.”

“ಅತ್ತೀ, ಹುಳ ಆಗ್ಯಾವ್ರಿ.”

“ಹುಳ ಆರಿಸಿ ಒಂದ್ ಹಿಡಿ ಇಡು.”

ಆರಿಸಿ ಇಟ್ಟೆ. ಅತ್ತೆ ಯಲಬುರ್ಗಾದ ಎರೆಭೂಮಿ ಕಡೆಯವರು. ಮದುವೆಯಾಗಿ ಗಂಗಾವತಿಯ ಈ ನೀರಾವರಿ ಸೀಮೆಗೆ ಬಂದು ಎಷ್ಟೋ ಕಾಲವಾದರೂ ಅಕ್ಕಿ, ಉಪ್ಪು, ಹೆಪ್ಪು ಯಾವುದನ್ನೂ ಪೂರ್ತಿ ಬರಿದು ಮಾಡಲು ಬಿಡುವವರಲ್ಲ. ಹಳೆಯದರ ಮೇಲೆ ಹೊಸದು ಕೂಡಬೇಕು. ಮೊದಮೊದಲು ನನಗೆ ಇದು ಅಸಹ್ಯವೆನಿಸುತ್ತಿತ್ತು. ಆಮೇಲಾಮೇಲೆ ಕೈ ತಾನಾಗಿಯೇ ಒಂದು ಹಿಡಿ ಉಳಿಸತೊಡಗಿತು.

ಅಂದು ನಮ್ಮ ಕಾಲುವೆಗೆ ಈ ಹಂಗಾಮಿನ ಮೊದಲ ನೀರು ಬರುವುದಿತ್ತು. ನಮ್ಮ ಮನೆಯವರು ಇಲ್ಲಿಯ ಒಂದು ಉಪಕಾಲುವೆಯ ನೀರು ಬಳಕೆದಾರರ ಸಂಘದ ಕಾರ್ಯದರ್ಶಿ. ಸಂಘವೆಂದರೆ ದೊಡ್ಡದೇನಲ್ಲ, ಒಂದೇ ಕಾಲುವೆಯ ನೀರು ಹಂಚಿಕೊಳ್ಳುವ ರೈತರು. ಕಾಲುವೆಯ ಮೊದಲಿಗೆ ಹೊಲ ಇರುವವರು ತಮ್ಮ ಗೇಟ್ ಎತ್ತಿಕೊಂಡರೆ ಕೊನೆಯ ಹೊಲಗಳಿಗೆ ನೀರು ಮುಟ್ಟುವುದಿಲ್ಲ. ಅದಕ್ಕಾಗಿ ಪಾಳಿ. ಮೊದಲು ಪಾಳಿಯನ್ನು ಫೋನಿನಲ್ಲಿ ಹೇಳುತ್ತಿದ್ದರು. “ನನಗ ಹೇಳೇ ಇಲ್ಲ”, “ನನಗ ಬ್ಯಾರೆ ಹೇಳ್ಯಾರ” ಎಂದು ಶುರುವಾಗಿ ಕಾಲುವೆ ದಂಡೆಯಲ್ಲಿ ಅಂಗಿ ಹಿಡಿದುಕೊಳ್ಳುವವರೆಗೂ ಹೋಗುತ್ತಿತ್ತು. ಮದುವೆಗೆ ಮುಂಚೆ ಕಂಪ್ಯೂಟರ್ ಓದಿದ್ದು ಸುಮ್ಮನೆ ಹೋಗುತ್ತಿದೆಯಲ್ಲ ಎಂದು ನಾನೇ ಒಂದು ಬೇಸಿಗೆಯ ಮಧ್ಯಾಹ್ನಗಳಲ್ಲಿ ಕೂತು, ಯಾರ ಪಾಳಿ ಯಾವಾಗ ಎಂದು ಮೊಬೈಲಿನಲ್ಲಿ ಕಾಣುವಂಥ ಒಂದು ಪುಟ ಮಾಡಿದೆ. ಕಾಲುವೆ ಒಡೆದರೆ, ಜೊಂಡು ಕಟ್ಟಿದರೆ ತಿಳಿಸಲು ಇನ್ನೊಂದು ಪುಟ. ಎರಡೂ ನಮ್ಮ ಪಡಸಾಲೆಯ ಮೂಲೆಯಲ್ಲಿದ್ದ ಕಂಪ್ಯೂಟರಿನಿಂದಲೇ ನಡೆಯುತ್ತಿದ್ದವು. ಪುಟದಲ್ಲಿ ಕಂಡದ್ದೇ ಪಾಳಿ, ಬಾಯಿಮಾತು ನಡೆಯದು ಎಂದು ಸಂಘದವರು ಠರಾವು ಮಾಡಿದರು. ಈ ಸಲ ಮೊದಲ ನೀರು ಕೊನೆಯ ಹೊಲದಿಂದ ಶುರುವಾಗಲಿ ಎಂಬ ಇನ್ನೊಂದು ಮಾತೂ ಒಪ್ಪಿಗೆಯಾಯಿತು. ಎರಡೂ ಮಾತನ್ನು ಸಭೆಯಲ್ಲಿ ಎತ್ತಿದವಳು ನಾನೇ, ಚಹಾದ ತಟ್ಟೆ ಹಿಡಿದು ನಿಂತಲ್ಲಿಂದಲೇ.

ಕಳೆದ ತಿಂಗಳು ಕರೆಂಟ್ ಹೆಚ್ಚುಕಡಿಮೆಯಾಗಿ ಹಳೆಯ ಕಂಪ್ಯೂಟರ್ ಸುಟ್ಟ ವಾಸನೆ ಬಿಟ್ಟು ನಿಂತಿತು. ಒಳಗಿನದೆಲ್ಲ ಉಳಿಯಿತು, ಪೆಟ್ಟಿಗೆ ಹೋಯಿತು. ಸಂಘದವರು ಹೊಸದು ತಂದರು. ಅಂಗಡಿಯಾತ ಹೊಸದರಲ್ಲಿ ಹೊಸ ಡೇಟಾಬೇಸನ್ನೂ, ಪುಟಗಳನ್ನು ಎಲ್ಲರ ಮೊಬೈಲಿಗೆ ಮುಟ್ಟಿಸುವ ಸರ್ವರ್ ಎಂಬ ಪ್ರೋಗ್ರಾಮನ್ನೂ ಹಾಕಿಕೊಟ್ಟು, “ಪ್ಯಾಕೇಜ್ ಹಾಕೀನ್ರಿ ಮೇಡಂ. ಒಂದ ಕಮಾಂಡು, ಎಲ್ಲಾ ತಾನ ಬಂದ್ ಕುಂದರತೈತಿ. ನೀವು ನಿಮ್ಮ ಪುಟ ತಂದು ಇಡೂದಷ್ಟ” ಎಂದು ಹೋಗಿದ್ದ. ಹಿಂದಿನ ಸಂಜೆ ನಾನು ಪುಟಗಳನ್ನು ತಂದಿಟ್ಟೆ. ಕಾನ್ವೆಂಟಿನ ಲ್ಯಾಬಿನಲ್ಲಿ ಸಿಸ್ಟರ್ ಕಲಿಸಿದಂತೆ ಕಂಪ್ಯೂಟರಿಗೆ ಹೊದಿಕೆ ಹೊದಿಸಿ ಮಲಗಿದ್ದೆ.

ಬೆಳಗಿನ ಅಡುಗೆಯಾದ ಮೇಲೆ ಹೊದಿಕೆ ತೆಗೆದು, ನಾಲ್ಕು ಮಡಿಕೆ ಮಾಡಿ, ಸರ್ವರ್ ಚಾಲೂ ಮಾಡಿದೆ. ಪಾಳಿ ಪುಟ ತೆರೆದರೆ ಬಿಳಿ ಹಾಳೆ. ಅದರ ಮೇಲೆ ಸಣ್ಣ ಅಕ್ಷರದಲ್ಲಿ, ಡೇಟಾಬೇಸಿನ ಡ್ರೈವರ್ ಸಿಗುತ್ತಿಲ್ಲ ಎಂಬರ್ಥದ ಒಂದು ಸಾಲು.

ರೈತರ ಹೆಸರು, ಹೊಲ, ಸರದಿ ಎಲ್ಲ ಇರುವುದು ಡೇಟಾಬೇಸಿನಲ್ಲಿ. ಪುಟ ಮಾತಾಡುವ ರೀತಿ ಬೇರೆ, ಡೇಟಾಬೇಸಿನ ರೀತಿ ಬೇರೆ. ಇಬ್ಬರ ನಡುವೆ ನಿಂತು ಇವರ ಮಾತು ಅವರಿಗೆ ಮುಟ್ಟಿಸುವ ಒಂದು ಸಣ್ಣ ಫೈಲಿದೆ, ಅದೇ ಡ್ರೈವರ್. ಪ್ಯಾಕೇಜಿನಲ್ಲಿ ಎಲ್ಲವೂ ತಾನಾಗಿ ಬಂದು ಕೂತಿತ್ತು, ಅದೊಂದನ್ನು ಬಿಟ್ಟು. ಅದು ನನಗೆ ಗೊತ್ತಿತ್ತು. ಅದಕ್ಕೇ ಹಿಂದಿನ ಸಂಜೆಯೇ ಎರಡೂ ಪುಟಗಳ ಫೋಲ್ಡರಿನೊಳಗೆ ಡ್ರೈವರ್ ಇಟ್ಟಿದ್ದೆ. ಇದ್ದರೂ ಇಲ್ಲ ಎನ್ನುತ್ತಿತ್ತಲ್ಲ, ಅದಕ್ಕೆ ಏನು ಹೇಳುವುದು? ಕಣ್ಣೆದುರಿಗೇ ಇರುವ ಕನ್ನಡಕವನ್ನು ಕಾಣದೆ ಮನೆಯೆಲ್ಲ ಹುಡುಕುವ ಮಾವನವರ ನೆನಪಾಯಿತು. ಅವರ ಕೈಗೆ ಕೊಟ್ಟರೆ ಮುಗಿಯುತ್ತಿತ್ತು.

ಇನ್ನೂ ಕಿರಿಕಿರಿಯಾದದ್ದು ಬೇರೆ. ಇನ್ನೊಂದು ಕಿಟಕಿಯಲ್ಲಿ ನಾನೇ ನೇರವಾಗಿ ಡೇಟಾಬೇಸ್ ತೆರೆದರೆ ಹೆಸರುಗಳೆಲ್ಲ ಸಾಲಾಗಿ ಕೂತಿದ್ದವು. ಮೊದಲ ಹೆಸರು ಕೊನೆಯ ಹೊಲದಾಕೆಯದು. ಅಂದು ಸಂಜೆ ದೀಪ ಹಚ್ಚುವ ಹೊತ್ತಿನಿಂದ ಮರುದಿನ ಬೆಳಗಿನ ತನಕ ನೀರು ಅವಳದು. ನನಗೆ ಕಾಣುತ್ತಿತ್ತು, ಪುಟಕ್ಕೆ ಕಾಣುತ್ತಿರಲಿಲ್ಲ.

ಮುನಿರಾಬಾದಿಗೆ ನೀರಿನ ಸಭೆಗೆಂದು ಹೋಗಿದ್ದ ನಮ್ಮ ಮನೆಯವರಿಗೆ ಫೋನ್ ಮಾಡಿದೆ.

“ಹೆಸರು ನನಗ ಕಾಣಾಕತ್ತಾವ್ರಿ. ನಾನ ಒಬ್ಬೊಬ್ರಿಗೆ ಫೋನ್ ಮಾಡಿ ಹೇಳ್ಲೇನು?”

“ನಿನಗ ಕಂಡ್ರ ಆಗೂದಿಲ್ಲ. ಬಾಯಿಮಾತು ನಡಿಯೂದಿಲ್ಲ ಅಂತ ರೂಲು ಮಾಡ್ರಿ ಅಂದಾಕಿ ಯಾರು?”

“ನಾನ.”

“ಹಂಗಾರ ಪುಟ ಚಾಲೂ ಮಾಡು. ಮಧ್ಯಾಹ್ನಕ್ಕ ನೀರು ನಮ್ಮ ಕಾಲುವಿಗೆ ಬರ್ತೈತಿ. ಯಾರಾರ ಗೇಟ್ ಎತ್ತಿದ್ರ ನನ್ನ ಕೇಳಬ್ಯಾಡ.” ಹಿಂದೆ ಯಾರೋ ಮೈಕ್ ಸರಿಮಾಡುವ ಸದ್ದು ಕೇಳಿತು, ಫೋನ್ ಕಟ್ಟಾಯಿತು.

ನನ್ನ ಕಾನ್ವೆಂಟ್ ಗೆಳತಿಯೊಬ್ಬಳು ಕೊಪ್ಪಳದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಅವಳಿಗೆ ಎರಡು ಸಲ ಮಾಡಿದೆ, ಎತ್ತಲಿಲ್ಲ. ಕುಕ್ಕರ್ ಇಳಿಸಿ ಬಂದು ಮತ್ತೆ ಮಾಡಿದಾಗ ಪಿಸುದನಿಯಲ್ಲಿ, “ಕ್ಲಾಸಿನ್ಯಾಗದೀನಿ, ಲಗೂನ ಹೇಳು” ಎಂದಳು. ಹೇಳಿದೆ.

“ಪುಟದ ಫೋಲ್ಡರಿನ್ಯಾಗ ಯಾಕ ಇಟ್ಟೀಬೇ? ನೀ ಎರಡೂ ಪುಟಕ್ಕ ಸೇರಿಸಿ ಒಂದ ಕನೆಕ್ಷನ್ ಮಾಡೀಯಲ್ಲ. ಅದನ್ನ ತೆರೆಯೂದು ಪುಟ ಅಲ್ಲ, ಸರ್ವರು. ಸರ್ವರಿಗೆ ಪುಟದೊಳಗಿಂದು ಕಾಣೂದಿಲ್ಲ. ಸರ್ವರಿಂದು ಸ್ವಂತದ್ದು ಲಿಬ್ ಅಂತ ಫೋಲ್ಡರ್ ಇರ್ತೈತಿ. ಅದರಾಗ ಇಡು, ಸರ್ವರ್ ಬಂದ್ ಮಾಡಿ ಚಾಲೂ ಮಾಡು.”

ಸರಿಯೇ. ಸೊಸೆಯಂದಿರು ತಮ್ಮ ತಮ್ಮ ಕೋಣೆಯ ಟ್ರಂಕಿನಲ್ಲಿ ಕಡ್ಡಿಪೆಟ್ಟಿಗೆ ಇಟ್ಟುಕೊಂಡರೆ, ಎಲ್ಲರಿಗೂ ಮೊದಲು ಎದ್ದು ಒಲೆ ಹಚ್ಚುವ ಅತ್ತೆಗೆ ಅದು ಹೇಗೆ ಸಿಗಬೇಕು? ಅದರ ಜಾಗ ಅಡುಗೆಮನೆ, ಡ್ರೈವರಿನ ಜಾಗ ಲಿಬ್. ಹಳೆಯ ಕಂಪ್ಯೂಟರಿನಲ್ಲಿ ಅಲ್ಲೇ ಇಟ್ಟಿದ್ದೆನೇನೋ, ಮರೆತಿದ್ದೆ.

ಆದರೆ ಹೊಸದರಲ್ಲಿ ಅಡುಗೆಮನೆ ಎಲ್ಲಿ? ಹಳೆಯದರಲ್ಲಿ ಸರ್ವರೆಂದರೆ ಒಂದೇ ಫೋಲ್ಡರ್, ಎಲ್ಲ ಅದರೊಳಗೇ. ಈ ಪ್ಯಾಕೇಜ್ ಎನ್ನುವುದು ಸಾಮಾನನ್ನೆಲ್ಲ ಮೂರು ಕಡೆ ಹಂಚಿ ಇಟ್ಟಿತ್ತು. ಪ್ರೋಗ್ರಾಮು ಒಂದು ಕಡೆ, ಸೆಟ್ಟಿಂಗ್ ಇನ್ನೊಂದು ಕಡೆ, ಪುಟಗಳು ಮತ್ತೊಂದು ಕಡೆ. ಯಾರೋ ಬಂದು ನಮ್ಮ ಮನೆ ಚೊಕ್ಕ ಮಾಡಿ, ಯಾವುದು ಎಲ್ಲಿದೆ ಎಂದು ಹೇಳದೆ ಹೋದಂತೆ. ನಾನು ಮೊದಲು ಹೊಕ್ಕದ್ದು ಸೆಟ್ಟಿಂಗ್ ಇರುವ ಕಡೆ. ಅಲ್ಲಿ ಲಿಬ್ ಎಂಬ ಫೋಲ್ಡರೇ ಇರಲಿಲ್ಲ. ಇಲ್ಲದಿದ್ದರೆ ಮಾಡಿದರಾಯಿತು ಎಂದು ನಾನೇ ಒಂದನ್ನು ಮಾಡಿ, ಹೆಸರು ಬರೆದು, ಡ್ರೈವರ್ ಇಟ್ಟೆ. ಸರ್ವರ್ ಬಂದ್ ಮಾಡಿ ಚಾಲೂ ಮಾಡಿದೆ. ಅದೇ ಬಿಳಿ ಹಾಳೆ, ಅದೇ ಸಾಲು. ಇನ್ನೊಮ್ಮೆ ಮಾಡಿದೆ. ನಡುವೆ ಕರೆಂಟ್ ಹೋಗಿ, ಯುಪಿಎಸ್ ಮರಿ ಬೆಕ್ಕಿನ ಹಾಗೆ ಕೂಗಿ ಕೂಗಿ ಸುಮ್ಮನಾಯಿತು. ಕರೆಂಟ್ ಬರುವ ತನಕ ಕಿಟಕಿಯ ಸರಳಿನ ಧೂಳು ಒರೆಸಿದೆ. ಒರೆಸಿದ ಬಟ್ಟೆ ಕಪ್ಪಾದದ್ದು ನೋಡಿ ಅಳು ಬಂದ ಹಾಗಾಯಿತು.

ಊಟದ ಹೊತ್ತಿಗೆ ಕೊನೆಯ ಹೊಲದಾಕೆ ತಾನೇ ಬಂದಳು. ಕುಷ್ಟಗಿ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಕೆಲಸಕ್ಕೆಂದು ಪರಊರಲ್ಲೇ ಹೆಚ್ಚು ಇರುವುದರಿಂದ ಹೊಲದ ಕೆಲಸವೆಲ್ಲ ಅವಳದೇ. ಕುರ್ಚಿ ತೋರಿಸಿದರೂ ಕಟ್ಟೆಯ ಮೇಲೆ ಕೂತಳು. ಸೆರಗಿನ ಅಡಿಯಿಂದ ಒದ್ದೆ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಒಂದು ಹಿಡಿ ಭತ್ತದ ಸಸಿ. ಬುಡ ಹಸಿರು, ತುದಿಯೆಲ್ಲ ಅರಿಶಿನದ ಬಣ್ಣಕ್ಕೆ ತಿರುಗಿ ಸುರುಳಿಕೊಂಡಿದ್ದವು.

“ನೋಡ್ರಿ ಅಕ್ಕಾರ. ಬೋರಿನ ನೀರು ಕೇಳಿ ಕೇಳಿ ಇಷ್ಟು ಎಬ್ಬಿಸೀನಿ. ಬೋರಿನವರೂ ನಿನ್ನೆ ಒಲ್ಲೆ ಅಂದ್ರು. ಇವತ್ತು ಸಂಜಿಗೆ ಸಸಿ ಮಡಿಗೆ ನೀರು ಬಂದ್ರ ನೆಲ್ಲು ಅಕ್ಕಾವು. ಇಲ್ಲಾಂದ್ರ ಎಮ್ಮಿಗೆ ಹಾಕೂದ.”

“ಬರ್ತೈತಿ. ಮೊದಲ್ನೇ ಹೆಸರು ನಿಂದ ಐತಿ. ನಾನು ಕಣ್ಣಾರೆ ನೋಡೀನಿ.”

“ನನ್ನ ಮೊಬೈಲಿನ್ಯಾಗ ಬೆಳ್ಳಗ ಕಾಣತೈತಲ್ರಿ. ಮುಂಜಾನಿಂದ ತಿಕ್ಕಿ ತಿಕ್ಕಿ ಹೆಬ್ಬಟ್ಟಿನ ಗೆರಿ ಹೋದ್ವು. ನಂದು ಕೆಟ್ಟೈತೋ, ನಿಮ್ಮದು ಕೆಟ್ಟೈತೋ?”

“ನಮ್ಮದ.”

“ಹಂಗಾರ ಛಲೋ ಆತು. ನಂದು ಹೊಸಾದು” ಎಂದು ನಕ್ಕಳು.

ಒಳಗಿನಿಂದ ಅತ್ತೆ, “ಆ ಕಂಪ್ಯೂಟರ್ ಡಬ್ಬಿ ಮುಂದ ಕುಂತು ಕುಂತು ಈಕೀದೂ ತಲಿ ಕೆಟ್ಟೈತವ್ವಾ. ಮುಂಜಾನಿಂದ ಒಂದ್ ತುತ್ತು ಉಂಡಿಲ್ಲ. ನೀನಾರ ಉಣ್ಣು ಬಾ” ಎಂದರು. ಅವಳು ಊಟ ಒಲ್ಲೆನೆಂದು ಚಹಾ ಕುಡಿದಳು. ಹೋಗುವಾಗ ಸಸಿಯ ಗಂಟನ್ನು ಬಿಟ್ಟುಹೋಗದೆ ಮತ್ತೆ ಕಟ್ಟಿ ಸೆರಗಿನಡಿ ಇಟ್ಟುಕೊಂಡಳು. “ಇವನ್ನೂ ಊರತೀನಿ ಬಿಡ್ರಿ” ಎಂದಳು. ಟಂಟಂ ಆಟೋ ಹತ್ತುವ ಮುನ್ನ ತಿರುಗಿ, “ಹೆಸರು ಕಂಡ್ರ ಸಾಕು ಅಕ್ಕಾರ. ಉಳದಿದ್ದು ನಾ ಮಾಡ್ಕೋತೀನಿ” ಎಂದಳು.

ಅವಳು ಹೋದ ಮೇಲೆ ಒಂದು ಕಪ್ಪಿನ ಅಡಿ ಸೋರಿ ಕಟ್ಟೆಯ ಮೇಲೆ ಚಹಾದ ಉಂಗುರ ಬಿದ್ದದ್ದನ್ನು ಒರೆಸುತ್ತ ನಿಂತೆ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳುವುದು? ಅಂಗಡಿಯಾತನ ಮೇಲೆ ಮಾಡಿಕೊಂಡೆ, ಫೋನ್ ಎತ್ತದ ಗೆಳತಿಯ ಮೇಲೆ ಮಾಡಿಕೊಂಡೆ, ಮೂರು ಕಡೆ ಹಂಚಿಕೊಂಡು ಕೂತ ಆ ಪ್ಯಾಕೇಜಿನ ಮೇಲೆ ಮಾಡಿಕೊಂಡೆ. ಯಾವುದೂ ತಾಗಲಿಲ್ಲ.

ಗೆಳತಿ ಕ್ಲಾಸು ಮುಗಿಸಿ ತಾನೇ ಫೋನ್ ಮಾಡಿದಳು. ನಾನೇ ಲಿಬ್ ಮಾಡಿದ್ದು ಹೇಳಿದೆ.

“ಅಯ್ಯೋ ನಮ್ಮವ್ವಾ! ನೀ ಕಟ್ಟಿದ ಮನಿಗೆ ಸರ್ವರ್ ಯಾಕ ಬರ್ತೈತಿ? ಅದರ ಮನಿ ಎಲ್ಲೈತಿ ಅಂತ ಅದನ್ನ ಕೇಳು. ಚಾಲೂ ಆಗುವಾಗ ಲಾಗಿನ್ಯಾಗ ಮೊದಲ್ನೇ ಸಾಲಿನ್ಯಾಗ ಬರೀತೈತಿ.”

ಹೌದು, ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಆ ಲಾಗ್‌ನಲ್ಲಿ ಬರೆದಿತ್ತು. ಬೆಳಗಿನಿಂದ ಅಷ್ಟು ಸಲ ಆ ಸಾಲುಗಳನ್ನು ನೋಡಿದ್ದೆ, ಆದರೆ ಕೊನೆಯ ತಪ್ಪಿನ ಸಾಲನ್ನಷ್ಟೇ ಓದುತ್ತಿದ್ದೆ. ಅದು ತೋರಿಸಿದ ದಾರಿ ಹಿಡಿದು ಹೋದರೆ ನಿಜವಾದ ಲಿಬ್ ಸಿಕ್ಕಿತು. ತುಂಬ ಫೈಲುಗಳು ಸಾಲುಸಾಲಾಗಿ, ಕಾನ್ವೆಂಟಿನ ಪ್ರಾರ್ಥನೆಯ ಸಾಲಿನಂತೆ ನಿಂತಿದ್ದವು. ಡ್ರೈವರ್ ತಂದು ಅವುಗಳ ನಡುವೆ ನಿಲ್ಲಿಸಿದೆ. ಸರ್ವರ್ ಚಾಲೂ ಮಾಡಿದೆ. ಬೆಳಗಿನಿಂದ ಕಾಡಿದ್ದ ಸಾಲು ಹೋಯಿತು. ಖುಷಿಯಲ್ಲಿ ಎದ್ದುನಿಂತೆ. ಅದರ ಜಾಗದಲ್ಲಿ ಬೇರೊಂದು ಸಾಲು ಬಂತು. ಡೇಟಾಬೇಸು ಒಳಗೆ ಬಿಟ್ಟುಕೊಳ್ಳುತ್ತಿಲ್ಲವಂತೆ.

ಮತ್ತೆ ಕೂತೆ. ಪಾಸ್‌ವರ್ಡ್ ನೋಡಿದೆ, ಸರಿಯಿತ್ತು. ಇನ್ನೊಮ್ಮೆ ಟೈಪ್ ಮಾಡಿದೆ. ಬಿಸಿಲು ಪಡಸಾಲೆಯ ನೆಲ ದಾಟಿ ಗೋಡೆ ಹತ್ತಿತ್ತು. ನಮ್ಮ ಮನೆಯವರ ಫೋನ್ ಬಂತು: “ಆತೇನು?” ಇಲ್ಲವೆಂದೆ. “ಹ್ಞೂಂ” ಎಂದು ಇಟ್ಟರು. ಆ ಹ್ಞೂಂ ಬೈಗುಳಕ್ಕಿಂತ ಕೆಟ್ಟದ್ದು.

ಗೆಳತಿಗೆ ಮತ್ತೆ ಫೋನ್ ಹಚ್ಚಿದೆ.

“ಡ್ರೈವರ್ ಯಾವದು ಇಟ್ಟೀ? ಹೊಸಾದೋ, ಹಳೇದೋ? ಹಳೇ ಡ್ರೈವರಿಗೆ ಹೊಸಾ ಡೇಟಾಬೇಸು ಬಾಗಿಲಾ ತಗಿಯೂದಿಲ್ಲ.”

“ಹೊಸಾದು ಇಟ್ಟೀನಿ.”

“ಅದೊಂದನೋ?”

“ಹಳೀದೂ ಐತಿ” ಎಂದೆ.

“ಎರಡ್ಯಾಕ ಇಟ್ಟೀ?”

“ಹಳೀದೂ ಒಂದು ಇರ್ಲಿ ಅಂತ...”

ಅವಳು ನಕ್ಕ ನಗುವಿಗೆ ಫೋನನ್ನು ಕಿವಿಯಿಂದ ದೂರ ಹಿಡಿದೆ. “ಏನಬೇ, ಅದೇನು ಅಕ್ಕಿ ಡಬ್ಬಿ ಅಂತ ಮಾಡೀಯೇನು, ಹಳೀದು ತಳಕ್ಕ ಇರ್ಲಿ ಅನ್ನಾಕ? ಎರಡೂ ಒಂದ ಕಡೆ ಇದ್ರ ಸರ್ವರಿಗೆ ಯಾವದು ಮೊದಲು ಕೈಗೆ ಸಿಕ್ತೋ ಅದನ್ನ ಹಿಡಕೋತೈತಿ. ನಿಂದು ಹಳೀದನ್ನ ಹಿಡದೈತಿ. ತಗದು ಒಗಿ ಅದನ್ನ.”

ಅವಳೂ ನಮ್ಮ ಅತ್ತೆಯ ಸೀಮೆಯ ಮನೆಯವಳು. ಬೇರೆ ಊರಿನ ಪಂಡಿತರಾಗಿದ್ದರೆ ಈ ತಪ್ಪನ್ನು ಊಹಿಸುತ್ತಲೂ ಇರಲಿಲ್ಲವೇನೋ. ನಾನು ಹಿಂದಿನ ಸಂಜೆ ಹಳೆಯದನ್ನು ಮೊದಲು ತಂದಿಟ್ಟು, ಅದರ ಮೇಲೆ ಹೊಸದನ್ನು ಇಟ್ಟಿದ್ದೆ. ಎರಡೂ ಪುಟಗಳಲ್ಲಿ, ಆಮೇಲೆ ನಾನೇ ಮಾಡಿದ ಲಿಬ್‌ನಲ್ಲಿ, ಕೊನೆಗೆ ನಿಜವಾದ ಲಿಬ್‌ನಲ್ಲಿ, ಎಲ್ಲ ಕಡೆಯೂ ಜೋಡಿ ಜೋಡಿಯಾಗಿ. ಮೆದುಳಿನ ಅಪ್ಪಣೆ ಕೇಳದೆ ಕೈ ಮಾಡಿದ ಕೆಲಸ.

ಹಳೆಯದನ್ನು ಎಲ್ಲ ಕಡೆಯಿಂದಲೂ ತೆಗೆದೆ. ಪುಟಗಳೊಳಗಿದ್ದ ಹೊಸದನ್ನೂ ತೆಗೆದೆ. ಸರ್ವರಿನ ಲಿಬ್‌ನಲ್ಲಿ ಒಂದೇ ಒಂದು ಡ್ರೈವರ್ ಉಳಿಯಿತು, ಎರಡೂ ಪುಟಕ್ಕೆ ಸೇರಿ. ಹಳೆಯದನ್ನು ಪೂರ್ತಿ ಅಳಿಸಲು ಮಾತ್ರ ಬೆರಳು ಏಳಲಿಲ್ಲ. ಪೆನ್‌ಡ್ರೈವಿಗೆ ಹಾಕಿ ಹೊಲಿಗೆ ಮಷಿನ್ನಿನ ಖಾನೆಯಲ್ಲಿಟ್ಟೆ.

ಸರ್ವರ್ ಬಂದ್ ಮಾಡಿ ಚಾಲೂ ಮಾಡಿ, ಪುಟ ತೆರೆದೆ. ಹಸಿರು ಪಟ್ಟಿ ಬಂತು, ಅದರ ಕೆಳಗೆ ಹೆಸರುಗಳು. ಎಲ್ಲಕ್ಕಿಂತ ಮೇಲೆ ಕೊನೆಯ ಹೊಲದಾಕೆಯ ಹೆಸರು. ನನ್ನ ಮೊಬೈಲಿನಲ್ಲಿ ನೋಡಿದೆ, ಅತ್ತೆಯ ಮೊಬೈಲಿನಲ್ಲೂ ನೋಡಿದೆ. ಎರಡರಲ್ಲೂ ಇತ್ತು. ಕುತ್ತಿಗೆ ಮರಗಟ್ಟಿತ್ತು. ಅನ್ನ ತಣ್ಣಗಾಗಿ ಗಡ್ಡೆ ಕಟ್ಟಿತ್ತು. ನಿಂತಲ್ಲೇ ಎರಡು ತುತ್ತು ಮಜ್ಜಿಗೆ ಕಲಸಿ ತಿಂದೆ. ಗೆದ್ದೆನೆಂದು ಅನಿಸಲಿಲ್ಲ. ಒಂದು ಸಣ್ಣ ಫೈಲನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಇಡಲು ಒಂದು ಇಡೀ ಹಗಲು ಹೋಗಿತ್ತು.

ದೇವರ ಮುಂದೆ ದೀಪ ಹಚ್ಚುತ್ತಿರುವಾಗ ಕೊನೆಯ ಹೊಲದಾಕೆಯ ಫೋನ್ ಬಂತು. ಗಾಳಿಯ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. “ಹೆಸರು ಬಂತ್ರಿ ಅಕ್ಕಾರ! ದೊಡ್ಡದಾಗಿ ಕಾಣಾಕತ್ತೈತಿ. ಸಲಿಕಿ ತಗೊಂಡು ಮಡಿ ಕಡೆ ಹೊಂಟೀನಿ. ನೀರು ಇನ್ನಾ ಬಂದಿಲ್ಲ. ಹಿಂದಿಂದ ಬರ್ತಿರಬೇಕು, ಹೌದಲ್ರಿ?”

“ಬರ್ತಿರಬೇಕವಾ” ಎಂದೆ. ಕೊನೆಯ ತನಕ ಹರಿದು ಬರಲು ಹೊತ್ತು ಬೇಕಲ್ಲ.

ಫೋನ್ ಇಟ್ಟು, ಕಂಪ್ಯೂಟರಿಗೆ ಹೊದಿಕೆ ಹೊದಿಸುತ್ತಿದ್ದೆ. ಪಕ್ಕದ ಮನೆಯಾಕೆ ಸಣ್ಣ ಸ್ಟೀಲಿನ ವಾಟಗ ಹಿಡಿದು ಒಳಗೆ ಬಂದಳು. ನಮ್ಮದೇ ಕಾಲುವೆಯ ಮೊದಲಿಗೆ ಅವರ ಹೊಲ. ಈ ಸಲದ ಪಾಳಿಯಲ್ಲಿ ಅವರ ಹೆಸರು ಎಲ್ಲರಿಗಿಂತ ಕೊನೆಗೆ ಇತ್ತು.

“ಒಂದ್ ಚಮಚ ಹೆಪ್ಪು ಕೊಡ್ರಿ ಅಕ್ಕಾರ. ನಮ್ಮ ಹುಡುಗರು ಮೊಸರಿನ ಗಡಿಗಿ ಬಳದು ಬರಿದ ಮಾಡ್ಯಾವು” ಎಂದಳು.

ನಾನು ತಳದಲ್ಲಿ ಉಳಿಸಿದ್ದ ಮೊಸರನ್ನು ಚಮಚದಿಂದ ತೆಗೆದು ಅವಳ ವಾಟಗಕ್ಕೆ ಹಾಕಿದೆ. ಅವಳು ಅದನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತ, ಬಾಗಿಲ ಕಡೆ ತಿರುಗುತ್ತ ಹೇಳಿದಳು:

“ಮುಂಜಾನಿಂದ ನಿಮ್ಮ ಪುಟದಾಗ ಯಾರ ಹೆಸರೂ ಕಾಣಲಿಲ್ಲಂತಲ್ರಿ. ಯಾರ ಪಾಳಿನೂ ಇಲ್ಲ, ನೀರು ಸುಮ್ನ ಹೊಂಟೈತಿ ಅಂತ ನಮ್ಮನಿಯವ್ರು ಮಧ್ಯಾಹ್ನನ ಹೋಗಿ ಗೇಟ್ ಎತ್ತಿ ಬಂದ್ರು. ಗದ್ದಿ ತುಂಬಾಕ ನಾಳಿ ಸಂಜಿ ಅಕ್ಕೈತಂತ. ಅಲ್ಲ ಅಕ್ಕಾರ, ಈ ಹೆಪ್ಪು ಹಾಲು ಬಿಸಿ ಇದ್ದಾಗ ಹಾಕ್ಲೋ, ಆರಿದ ಮ್ಯಾಲ ಹಾಕ್ಲೋ?”